ಚೀಟಿ ಇದ್ದರಷ್ಟೇ ಸಾಲದು

ಮತದಾನದ ದಿನ ಗುರುತಿನ ಚೀಟಿ ಹಿಡಿದು ಬಂದವರೂ ಓಟು ಹಾಕದೆ ಹಿಂದಿರುಗುವುದುಂಟು. ಚೀಟಿ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ! ಆಗ ಮತಗಟ್ಟೆ ಅಧಿಕಾರಿಯೂ ಏನೂ ಮಾಡಲಾರರು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ.

ಹಾಗಾಗಿ ಮೊದಲೇ ಅರ್ಜಿ ಕೊಡಿ: ಮೊದಲ ಬಾರಿ ಹೆಸರು ಸೇರಿಸುವವರಿಗೆ ನಮೂನೆ 6.

ಹಾಸನದಿಂದ ಬೆಂಗಳೂರಿಗೆ ಮನೆ ಬದಲಿಸಿದವರು ನಮೂನೆ 8 ತುಂಬಬೇಕು. ಎರಡೂ ಕಡೆ ಹೆಸರು ಉಳಿಸಿಕೊಳ್ಳುವುದನ್ನು ಕಾನೂನು ಒಪ್ಪುವುದಿಲ್ಲ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಖು ಮತದಾರರ ವಯಸ್ಸು ಲೆಕ್ಕ ಹಾಕುವ ಅರ್ಹತಾ ದಿನಗಳು. 17 ತುಂಬಿದ ಮಕ್ಕಳು ಮುಂಚಿತವಾಗಿಯೇ ಅರ್ಜಿ ಕೊಡಬಹುದು, ತಂದೆತಾಯಿ ನೆನಪಿಸಲಿ.

ಅರ್ಜಿಯ ಪರಿಶೀಲನೆಗೆ ಮನೆ ಬಾಗಿಲಿಗೆ ಬರುವ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹೆಚ್ಚಾಗಿ ಶಾಲೆಯ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಬಿಸಿಲಲ್ಲಿ ಬೀದಿ ಸುತ್ತುವ ಅವರಿಗೆ ಸರಿಯಾದ ವಿವರ ಕೊಡಿ. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ, ಕರಡು ಪಟ್ಟಿ ಬಂದಾಗಲೇ ಹೆಸರು ನೋಡಿಕೊಳ್ಳಿ. ಆಕ್ಷೇಪಣೆ ಸಲ್ಲಿಸಲು ಆಗ ಇನ್ನೂ ಸಮಯವಿರುತ್ತದೆ.