ರಾಮಾನುಜನ್ ಭಿನ್ನರಾಶಿಗೆ ವರ್ಗಮೂಲ ಬಂದದ್ದು ಎಲ್ಲಿಂದ?

ಪ್ರಶ್ನೆ: ಎಂದೂ ಮುಗಿಯದ ಭಿನ್ನರಾಶಿಯೊಂದರ ಬೆಲೆಯನ್ನು ರಾಮಾನುಜನ್ ವರ್ಗಮೂಲಗಳಲ್ಲಿ ಬರೆದು ತೋರಿಸಿದರಂತೆ. ಅದು ಹೇಗೆ? ಮಾಡ್ಯುಲರ್ ಫಲನಕ್ಕೆ ಅಲ್ಲೇನು ಕೆಲಸ?

ಉತ್ತರ: ಮೊದಲು ಸುಲಭದ್ದು. ಅಂಶದಲ್ಲಿ 1, ಛೇದದಲ್ಲಿ 1ಕ್ಕೆ ಕೂಡಿಸಿದ ಅದೇ ಬಗೆಯ ಭಿನ್ನರಾಶಿ, ಹೀಗೇ ಇಳಿಯುತ್ತ ಹೋದರೆ ಬರುವ ಬೆಲೆ 0.618… ಮೇಲಿನ ಮೆಟ್ಟಿಲು ತೆಗೆದರೂ ಉಳಿಯುವುದು ಅದೇ ಭಿನ್ನರಾಶಿಯಾದ್ದರಿಂದ ವರ್ಗ ಸಮೀಕರಣವೊಂದು ಸಿಕ್ಕಿಬಿಡುತ್ತದೆ.

1913ರ ಜನವರಿ 16ರ ತಾರೀಖಿನ ಪತ್ರದಲ್ಲಿ ರಾಮಾನುಜನ್ ಗಣಿತಜ್ಞ ಹಾರ್ಡಿಗೆ ಕಳಿಸಿದ್ದು ಬೇರೆ ಜಾತಿಯದು. ಅಲ್ಲಿ ‘ಕ’ ಎಂಬ ಸಂಖ್ಯೆಯನ್ನು ಹಿಡಿದು ಅಂಶಗಳು 1, ಕ, ಕ ವರ್ಗ, ಕ ಘನ ಎಂದು ಬದಲಾಗುತ್ತವೆ. ಒಂದು ಮೆಟ್ಟಿಲು ತೆಗೆದರೆ ಉಳಿಯುವುದು ಬೇರೆಯದೇ. ಹಳೆಯ ಉಪಾಯ ನಡೆಯುವುದಿಲ್ಲ. ಈ ಭಿನ್ನರಾಶಿ 1894ರಲ್ಲೇ ಗಣಿತಜ್ಞ ರೋಜರ್ಸ್ ಕಣ್ಣಿಗೆ ಬಿದ್ದಿತ್ತು. ಬೆಲೆ ಕಟ್ಟಿದವರು ರಾಮಾನುಜನ್.

ಕೈಹಿಡಿಯುವುದು ಮಾಡ್ಯುಲರ್ ಗುಣ. ‘ತ’ ಒಂದು ಧನ ಸಂಖ್ಯೆಯಾಗಲಿ; 2.718…ರ ಘಾತವಾಗಿ ಮೈನಸ್ 2ಪೈ ಗುಣಿಸು ‘ತ’ ಇಟ್ಟು ‘ಕ’ವನ್ನು ಪಡೆಯಿರಿ. ಭಿನ್ನರಾಶಿಯನ್ನು ಕದ ಐದನೇ ಮೂಲದಿಂದ ಗುಣಿಸಿ. ಈಗ ಬಂದ ಬೆಲೆ ಮಾಡ್ಯುಲರ್ ಫಲನ. ಎಂದರೆ ತದ ಜಾಗದಲ್ಲಿ 1/ತ ಹಾಕಿದಾಗ ಬರುವ ಹೊಸ ಬೆಲೆ ಹಳೆಯದಕ್ಕೆ ಕಟ್ಟುಬಿದ್ದಿರುತ್ತದೆ. ಆ ಕಟ್ಟು ಎಷ್ಟು ಚೆಂದ ನೋಡಿ: ಎರಡೂ ಬೆಲೆಗಳಿಗೆ ಸುವರ್ಣ ಅನುಪಾತ 1.618… ಕೂಡಿಸಿ ಒಂದನ್ನೊಂದು ಗುಣಿಸಿದರೆ ಬರುವುದು ಯಾವಾಗಲೂ 3.618…, ಅಂದರೆ 5ಕ್ಕೆ √5 ಕೂಡಿಸಿ ಅರ್ಧ ಮಾಡಿದ್ದು. ತ 2 ಆದಾಗ ಬೆಲೆ 0.0810, ಅರ್ಧ ಆದಾಗ 0.5114. ಕ್ಯಾಲ್ಕುಲೇಟರಿನಲ್ಲಿ 1.6990ನ್ನು 2.1294ರಿಂದ ಗುಣಿಸಿ, ನಿಮಗೇ ಕಾಣುತ್ತದೆ.

ಈಗ ತ 1 ಆಗಲಿ. 1/ತ ಕೂಡ 1. ಎರಡು ಬೆಲೆಗಳು ಒಂದೇ ಆಗಿ ಗುಣಲಬ್ಧವೇ ವರ್ಗವಾಯಿತು! ಹಾಗಾಗಿ ಬೆಲೆ 3.618…ರ ವರ್ಗಮೂಲದಲ್ಲಿ 1.618… ಕಳೆದದ್ದು, 0.28408. ಪತ್ರದಲ್ಲಿದ್ದ ವರ್ಗಮೂಲಗಳು ಇವೇ. ನೇರವಾಗಿಯೂ ತಾಳೆ ನೋಡಬಹುದು: ಕ 0.001867, ಅದರ ಐದನೇ ಮೂಲ 0.28461, ಅದನ್ನು 1.001867ರಿಂದ ಭಾಗಿಸಿದರೆ ಮತ್ತೆ 0.28408.

ಆ ಗುಣಾಕಾರದ ನಿಯಮವನ್ನು ಸಾಧಿಸುವುದು ಮಾತ್ರ ಶಾಲೆಯ ಗಣಿತವಲ್ಲ. ಗಣಿತಜ್ಞ ವಾಟ್ಸನ್ 1929ರಲ್ಲಿ ಸಾಧನೆ ಪ್ರಕಟಿಸಿದರು. ಈ ಭಿನ್ನರಾಶಿ ಬರುವ, ರಾಮಾನುಜನ್ ಅವರ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯಕ್ಕೆ 1985ರಲ್ಲಿ ಪೂರ್ತಿ ವಿವರಣೆ ಬಂದಾಗ, ಬರೆದ ನಾಲ್ವರಲ್ಲಿ ಇಬ್ಬರು ಮೈಸೂರು ವಿಶ್ವವಿದ್ಯಾಲಯದವರು: ಚಂದ್ರಶೇಖರ ಅಡಿಗ ಮತ್ತು ಎಸ್. ಭಾರ್ಗವ.