‘ಎಲ್ಲಿದೆ?’ ಎಂದು ಕೇಳಬೇಕಿಲ್ಲದ ಮನೆ

ಹಬ್ಬ ಬಂದರೆ ನಮ್ಮಲ್ಲಿ ಎಲ್ಲರ ಮನೆಯೂ ಶುಚಿಯಾಗುತ್ತದೆ. ಯುಗಾದಿಗೆ ಮುಂಚೆ ಜೇಡರ ಬಲೆ ತೆಗೆದು ಧೂಳು ಹೊಡೆಯುತ್ತೇವೆ, ಗೌರಿ-ಗಣೇಶಕ್ಕೆ ಪಾತ್ರೆ ಬೆಳಗುತ್ತೇವೆ, ಆಯುಧಪೂಜೆಗೆ ಗೇಟಿನಿಂದ ಮಿಕ್ಸಿಯವರೆಗೆ ಎಲ್ಲವನ್ನೂ ಒರೆಸಿ ಕುಂಕುಮ ಇಡುತ್ತೇವೆ. ಇಷ್ಟಾದರೂ ಹಬ್ಬ ಕಳೆದ ವಾರದೊಳಗೆ ಡೈನಿಂಗ್ ಟೇಬಲ್ಲಿನ ಅರ್ಧ ಭಾಗ ಬಿಲ್ಲು, ಮಾತ್ರೆ, ಚಾರ್ಜರ್, ಬಾಚಣಿಗೆಗಳ ಪಾಲಾಗಿರುತ್ತದೆ. ಶುಚಿ ಮಾಡುವುದಕ್ಕೆ ರಟ್ಟೆಯಲ್ಲಿ ಶಕ್ತಿ ಇದ್ದರೆ ಸಾಕು. ಮನೆ ಓರಣವಾಗಿ ಉಳಿಯಬೇಕಾದರೆ ಒಂದೊಂದು ವಸ್ತುವಿನ ಬಗ್ಗೆಯೂ ಕೂತು ತೀರ್ಮಾನ ಮಾಡಬೇಕು. ಇದು ಬೇಕೇ, ಯಾರಿಗೆ ಬೇಕು, ಎಲ್ಲಿರಬೇಕು?

ಮೈಸೂರಿನ ನಮ್ಮ ಮೂವತ್ತು-ನಲವತ್ತರ ಮನೆಯಲ್ಲಿ ನಾನು ಈ ತೀರ್ಮಾನಗಳಿಗೆ ಕೂತಿದ್ದು ಪಿತ್ತಕೋಶದ ಆಪರೇಷನ್ ಆದ ಮೇಲೆ. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಕೆಲವು ವಾರ ರೂಮಿನಲ್ಲೇ ಇದ್ದೆ. ಮನೆಯಲ್ಲಿ ಕೆಲಸಕ್ಕೆ ಕೈಗಳ ಕೊರತೆಯಿರಲಿಲ್ಲ. ಯಜಮಾನರು ಒಲೆಯ ಮುಂದೆ ನಿಂತರು, ಮಗಳು ಜೊತೆಗೂಡಿದಳು, ಎಂಬತ್ತು ದಾಟಿದ ಅತ್ತೆಯವರೂ ಸೊಪ್ಪು ಬಿಡಿಸಿಕೊಟ್ಟರು. ಆದರೂ ದಿನವಿಡೀ ಪ್ರಶ್ನೆಗಳು ಬಾಗಿಲಿಗೆ ಬರುತ್ತಲೇ ಇದ್ದವು. ಇಂಗು ಎಲ್ಲಿದೆ? ಸಾರಿನ ಪುಡಿ ಯಾವ ಡಬ್ಬಿ? ಗ್ಯಾಸಿನ ಪುಸ್ತಕ? ಅಜ್ಜಿಯ ಬಿಪಿ ಮಾತ್ರೆ? ಪ್ರತಿಯೊಂದಕ್ಕೂ ನನ್ನ ಬಳಿ ಉತ್ತರವಿತ್ತು, ಆದರೆ ಅದು ನನ್ನೊಬ್ಬಳ ಬಳಿ ಮಾತ್ರ ಇತ್ತು. ನಮ್ಮ ಬಹುತೇಕ ಮನೆಗಳಲ್ಲಿ ಸಾಮಾನು ಕಪಾಟಿನಲ್ಲಿರುತ್ತದೆ, ಅದರ ವಿಳಾಸ ಒಬ್ಬ ಹೆಂಗಸಿನ ನೆನಪಿನಲ್ಲಿರುತ್ತದೆ. ಆ ನೆನಪೂ ಒಂದು ದುಡಿಮೆಯೇ, ಯಾರ ಕಣ್ಣಿಗೂ ಬೀಳದ ದುಡಿಮೆ.

ಹಾಗಾಗಿ ಎದ್ದು ಓಡಾಡುವಂತಾದ ಮೇಲೆ ಮನೆಯನ್ನು ಅಣಿಗೊಳಿಸಲು ಒಂದೇ ಅಳತೆ ಇಟ್ಟುಕೊಂಡೆ. ಮನೆಯಲ್ಲಿರುವ ಯಾರೇ ಆದರೂ, ಇನ್ನೊಬ್ಬರನ್ನು ಕೇಳದೆ, ಬೇಕಾದ್ದನ್ನು ತೆಗೆದುಕೊಳ್ಳುವಂತಿರಬೇಕು, ಕೇಳದೆಯೇ ಅಲ್ಲಿಗೆ ವಾಪಸ್ ಇಡುವಂತಿರಬೇಕು. ಅಂದಚಂದ ಆಮೇಲಿನ ಮಾತು.

ಅಡುಗೆಮನೆ

ಮೊದಲು ಹಿಡಿದಿದ್ದು ಅಡುಗೆಮನೆ. ಇಡೀ ಅಡುಗೆಮನೆಯನ್ನು ಒಮ್ಮೆಲೇ ನೆಲಕ್ಕೆ ಸುರಿದರೆ ಸಂಜೆಯ ಹೊತ್ತಿಗೆ ಅನ್ನ ಮಾಡಲೂ ಜಾಗವಿರುವುದಿಲ್ಲ. ಒಂದು ಸಲಕ್ಕೆ ಒಂದೇ ಅರೆ ಅಥವಾ ಒಂದೇ ಡ್ರಾಯರ್ ಖಾಲಿ ಮಾಡಿ, ಒರೆಸಿ, ತೀರ್ಮಾನಿಸಿ, ತುಂಬಿದ ಮೇಲೆ ಮುಂದಿನದಕ್ಕೆ ಹೋಗಬೇಕು.

ಜಾಗ ಗೊತ್ತುಮಾಡಲು ಕೈ ಎಷ್ಟು ಸಲ ಅಲ್ಲಿಗೆ ಹೋಗುತ್ತದೆ ಎಂಬುದನ್ನೇ ನೋಡಿದೆ. ದಿನವೂ ಬೇಕಾದ ಉಪ್ಪು, ಎಣ್ಣೆ, ಒಗ್ಗರಣೆ ಡಬ್ಬಿ, ಸಾರಿನ ಪುಡಿ, ಕಾಫಿಪುಡಿ ಇವೆಲ್ಲ ಸೊಂಟದಿಂದ ಕಣ್ಣಿನ ಎತ್ತರದೊಳಗೆ, ಒಲೆಯ ಹತ್ತಿರ. ಅಕ್ಕಿ ಡಬ್ಬ, ದೊಡ್ಡ ಕುಕ್ಕರ್, ಗ್ರೈಂಡರ್‌ನಂಥ ಭಾರದವು ಕೆಳಗೆ. ಚಕ್ಕುಲಿ ಒರಳು, ಹೋಳಿಗೆ ಮಣೆ, ನೆಂಟರಿಷ್ಟರು ಬಂದಾಗಿನ ದೊಡ್ಡ ಇಡ್ಲಿ ಪಾತ್ರೆ ಅಟ್ಟಕ್ಕೆ, ಗೊಂಬೆ ಹಬ್ಬದ ಪೆಟ್ಟಿಗೆಗಳ ಪಕ್ಕಕ್ಕೆ. ಆಮೇಲೆ ಅತ್ತೆಯವರ ಎತ್ತರದಲ್ಲೂ ಮಗನ ಎತ್ತರದಲ್ಲೂ ಒಮ್ಮೆ ನೋಡಿದೆ. ತೋಳೆತ್ತಲು ಕಷ್ಟಪಡುವ ಹಿರಿಯರ ಲೋಟ, ತಟ್ಟೆ, ಅವಲಕ್ಕಿ ಡಬ್ಬಿ ಎದೆಮಟ್ಟಕ್ಕೆ ಇಳಿದವು. ಹುಡುಗ ತಾನೇ ನೀರು ಕುಡಿಯಲಿ ಎಂದು ಲೋಟಗಳು ಕೆಳಗಿನ ಅರೆಗೆ ಬಂದವು. ಸ್ಟೂಲು ಹತ್ತಿ ತೆಗೆಯಬೇಕಾದ ಜಾಗದಲ್ಲಿ ದಿನಬಳಕೆಯ ಯಾವ ವಸ್ತುವೂ ಇರಕೂಡದು. ವಯಸ್ಸಾದವರಿರುವ ಮನೆಯಲ್ಲಿ ಇದು ಪ್ರಾಣದ ಪ್ರಶ್ನೆ.

ಡಬ್ಬಿಗಳ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಹೆಸರು, ಕೆಳಗೆ ತುಂಬಿದ ತಾರೀಖು ಬರೆದೆವು. ಸ್ಟೀಲ್ ಡಬ್ಬಿ ಒಳಗಿರುವುದನ್ನು ತೋರಿಸುವುದಿಲ್ಲ. ಅದಕ್ಕೇ ಕಡಲೆಬೇಳೆ ಇರುವಾಗಲೇ ಮತ್ತೆ ಕಡಲೆಬೇಳೆ ಬರುತ್ತದೆ. ಹೊಸದನ್ನು ಹಳೆಯದರ ಮೇಲೆ ಸುರಿಯುವ ಅಭ್ಯಾಸವನ್ನೂ ಬಿಡಬೇಕು. ತಳದಲ್ಲಿ ಉಳಿದ ಹಳೆಯ ರವೆಯಲ್ಲಿ ಹುಳುವಿನ ಮೊಟ್ಟೆಯಿದ್ದರೆ ಹೊಸ ರವೆಗೂ ಅದು ಹಬ್ಬುತ್ತದೆ. ಉಳಿದದ್ದನ್ನು ಬೇರೆ ತೆಗೆದಿಟ್ಟು ಮೊದಲು ಬಳಸುತ್ತೇವೆ, ಡಬ್ಬಿ ತೊಳೆದು, ಬಿಸಿಲಿಗೆ ಒಣಗಿಸಿ ಹೊಸದನ್ನು ತುಂಬುತ್ತೇವೆ. ರವೆಯನ್ನು ಹುರಿದಿಡುವುದು, ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಕಾಳಿನ ನಡುವೆ ಒಣಮೆಣಸಿನಕಾಯಿ ಇಡುವುದು ಅತ್ತೆಯವರು ಹೇಳಿಕೊಟ್ಟ ಕ್ರಮ. ಅದನ್ನು ಈಗ ಮಗಳೂ ಮಾಡುತ್ತಾಳೆ.

ಇನ್ನು ಎಷ್ಟು ತರಬೇಕು ಎಂಬ ಮಾತು. ಸಂಬಳದ ದಿನ ತಿಂಗಳ ಪಟ್ಟಿ ಬರೆದು ಮೂಟೆಗಟ್ಟಲೆ ಸಾಮಾನು ತರುತ್ತಿದ್ದ ಕಾಲಕ್ಕೆ ದೊಡ್ಡ ಉಗ್ರಾಣ ಬೇಕಿತ್ತು. ಈಗ ಬೀದಿ ತುದಿಯಲ್ಲೇ ಅಂಗಡಿ ಇರುವಾಗ ಅದನ್ನೇ ನಮ್ಮ ಉಗ್ರಾಣವೆಂದುಕೊಂಡರೆ ಮನೆಯ ಒಂದು ಕಪಾಟು ಪೂರ್ತಿ ಬಿಡುವಾಗುತ್ತದೆ. ಅಕ್ಕಿ, ಬೇಳೆ, ಎಣ್ಣೆಯಂಥ ಕೆಲವನ್ನು ಬಿಟ್ಟರೆ ಉಳಿದದ್ದನ್ನು ನಾವು ಮುಗಿಯುವ ಹೊತ್ತಿಗಷ್ಟೇ ತರುತ್ತೇವೆ.

ಹೊರಗಿನ ಯುಟಿಲಿಟಿ ಜಾಗವನ್ನೂ ಅಡುಗೆಮನೆಯ ಲೆಕ್ಕಕ್ಕೇ ಸೇರಿಸಬೇಕು. ಮುಚ್ಚಳವಿಲ್ಲದ ಡ್ರಮ್ಮು, ಒಡೆದ ಬಕೆಟ್ಟು, ಖಾಲಿ ಹೂಕುಂಡಗಳು ಅಲ್ಲಿ ಬೀಡುಬಿಟ್ಟಿರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ಶುದ್ಧ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಅದು ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಬೇಡದ ಪಾತ್ರೆಗಳನ್ನು ಹೊರಗೆ ಹಾಕಿ, ಬೇಕಾದ ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜುವುದು ನಮ್ಮಲ್ಲಿ ಈಗ ಭಾನುವಾರದ ಕೆಲಸ.

ತಾಂಬೂಲದ ಚೀಲಗಳು, ಹೆಸರು ಕೊರೆಸಿದ ಪಾತ್ರೆಗಳು

ನಮ್ಮ ಮನೆಗಳು ತುಂಬಿಕೊಳ್ಳುವುದು ನಾವು ಕೊಂಡದ್ದರಿಂದ ಮಾತ್ರ ಎಂದುಕೊಳ್ಳುವಂತಿಲ್ಲ. ಮದುವೆ, ಗೃಹಪ್ರವೇಶ, ಅರಿಶಿನ-ಕುಂಕುಮಕ್ಕೆ ಹೋಗಿ ಬಂದಾಗಲೆಲ್ಲ ಒಂದು ಚೀಲ, ಒಂದು ರವಿಕೆ ಕಣ, ಒಂದು ಸ್ಟೀಲ್ ಬಟ್ಟಲು ಒಳಗೆ ಬರುತ್ತದೆ. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದಾಗ ಬಟ್ಟೆ ಚೀಲ ಎಲ್ಲರಿಗೂ ಬೇಕಾಯಿತು. ಈಗ ತಾಂಬೂಲದ ಚೀಲಗಳೇ ಒಂದು ಡ್ರಾಯರ್ ಮುಚ್ಚುವುದಕ್ಕೆ ಬಿಡುವುದಿಲ್ಲ. ಗಟ್ಟಿಯಾದ ಕೆಲವನ್ನು ಬಾಗಿಲ ಹಿಂದೆ ನೇತುಹಾಕಿದೆ, ಉಳಿದವನ್ನು ತರಕಾರಿ ಗಾಡಿಯವರಿಗೆ ಕೊಟ್ಟೆ. ಅವರು ಖುಷಿಯಿಂದ ತೆಗೆದುಕೊಂಡರು. ಒಳ್ಳೆಯ ಕಣಗಳನ್ನು ಹೊಲಿಗೆ ಕಲಿಯುವ ಹುಡುಗಿಯರಿಗೆ ಕೊಟ್ಟೆ.

ಪಾತ್ರೆಗಳ ವಿಷಯ ಸೂಕ್ಷ್ಮ. ಅಟ್ಟದ ಹಿತ್ತಾಳೆ ಪಾತ್ರೆಗಳ ಅಂಚಿನಲ್ಲಿ ಅತ್ತೆಯವರ ತಾಯಿಯ ಹೆಸರು ಕೊರೆಸಿದೆ. ಅವುಗಳನ್ನು ಬಳಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸಾಗಹಾಕುವ ಹಕ್ಕು ನನಗಿಲ್ಲ. ಇನ್ನೊಬ್ಬರ ವಸ್ತುವಿನ ತೀರ್ಮಾನ ಅವರದೇ. ಈ ಕೆಲಸದಲ್ಲಿ ಯಾವ ಕಾರಣಕ್ಕೂ ಮೀರಬಾರದ ನಿಯಮ ಇದೊಂದೇ ಎಂದು ನಾನು ನಂಬಿದ್ದೇನೆ. ಎಲ್ಲವನ್ನೂ ಕೆಳಗಿಳಿಸಿ ಹಾಲಿನಲ್ಲಿ ಸಾಲಾಗಿ ಇಟ್ಟು ಅವರನ್ನು ಕೂರಿಸಿದೆವು. ಒಂದೊಂದಕ್ಕೂ ಒಂದು ಕಥೆ ಹೊರಬಂತು. ಯಾರ ಸೀಮಂತಕ್ಕೆ ಬಂದದ್ದು, ಯಾವ ಬರಗಾಲದಲ್ಲಿ ಅಡವಿಟ್ಟು ಬಿಡಿಸಿಕೊಂಡದ್ದು. ಕಥೆ ಹೇಳಿ ಮುಗಿದ ಮೇಲೆ ಅವರೇ ವಿಂಗಡಿಸಿದರು. ಒಂದು ಕೊಳಗ ಮೊಮ್ಮಗಳಿಗೆ, ಒಂದು ಹಂಡೆ ತಂಗಿಯ ಮನೆಗೆ, ಒಂದು ತಂಬಿಗೆ ದೇವರಮನೆಗೆ. ಹೆಸರಿಲ್ಲದ ತೂತುಬಿದ್ದವನ್ನು ಹಳೆ ಪಾತ್ರೆಯವನಿಗೆ ಹಾಕಲು ಅವರೇ ಹೇಳಿದರು. ನೆನಪನ್ನು ಕೇಳಿಸಿಕೊಳ್ಳುವವರಿದ್ದಾಗ ವಸ್ತುವನ್ನು ಬಿಟ್ಟುಕೊಡುವುದು ಹಿರಿಯರಿಗೆ ಅಷ್ಟು ಕಷ್ಟವಾಗುವುದಿಲ್ಲ.

ಬೀರು ಮತ್ತು ಬಟ್ಟೆ

ಬಟ್ಟೆಯಲ್ಲಿ ದಿನಬಳಕೆಯದಕ್ಕೂ ಸಮಾರಂಭದ್ದಕ್ಕೂ ಬೇರೆ ಬೇರೆ ಅರೆ ಮಾಡಿದೆ. ಬೆಳಗಿನ ಅವಸರದಲ್ಲಿ ರೇಷ್ಮೆಯ ರಾಶಿ ಕೆದಕುವುದು ತಪ್ಪಿತು. ನಮ್ಮ ಊರಿನ ರೇಷ್ಮೆ ಕಾರ್ಖಾನೆ 1912ರಿಂದ ನೇಯುತ್ತಿದೆ, ಮೈಸೂರು ಸಿಲ್ಕ್ ತಲೆಮಾರುಗಳವರೆಗೆ ಬಾಳುವ ಸೀರೆ. ಹಾಗೆ ಬಾಳಬೇಕಾದರೆ ಆರೈಕೆ ಬೇಕು. ತೆಳು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು, ಕೆಲವು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸಬೇಕು, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಜರಿ ಮುರಿಯುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಗಾಳಿಯಾಡದ ಪ್ಲಾಸ್ಟಿಕ್ ಕವರು ರೇಷ್ಮೆಗೆ ಹಿತವಲ್ಲ. ಬೀರು ಕಿಕ್ಕಿರಿದಿದ್ದರೆ ಈ ಯಾವುದೂ ಆಗುವುದಿಲ್ಲ. ಮೆಚ್ಚಿನ ಸೀರೆಗಳನ್ನು ಉಳಿಸಿಕೊಳ್ಳಲೆಂದೇ ಉಡದ ಸೀರೆಗಳನ್ನು ಕೊಡಬೇಕಾಗುತ್ತದೆ.

ಮೆತ್ತಗಾದ ಹತ್ತಿ ಸೀರೆಗಳಿಗೆ ಉತ್ತರ ಕರ್ನಾಟಕದವರು ಎಂದೋ ದಾರಿ ಕಂಡುಕೊಂಡಿದ್ದಾರೆ. ಅವು ಪದರ ಪದರವಾಗಿ ಕೌದಿಯಾಗುತ್ತವೆ. ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬರ ಕೈಯಲ್ಲಿ ನಮ್ಮ ಮನೆಯ ಹಳೆ ಸೀರೆಗಳನ್ನು ಕೌದಿ ಮಾಡಿಸಿದೆ. ಮಕ್ಕಳು ಈಗ ಕಂಬಳಿಗಿಂತ ಅದನ್ನೇ ಹೊದೆಯಲು ಕೇಳುತ್ತಾರೆ.

ಔಷಧಿ ಮತ್ತು ಕಾಗದ

ಮಾತ್ರೆಗಳನ್ನು ಅಡುಗೆಮನೆಯ ಬಿಸಿ, ಬಚ್ಚಲಿನ ತೇವ ಎರಡರಿಂದಲೂ ದೂರವಿಟ್ಟು, ಮಕ್ಕಳ ಕೈಗೆಟುಕದ, ದೊಡ್ಡವರಿಗೆಲ್ಲ ಗೊತ್ತಿರುವ ಒಂದೇ ಪೆಟ್ಟಿಗೆಯಲ್ಲಿ ಇಟ್ಟೆವು. ಸ್ಟ್ರಿಪ್ಪನ್ನು ಅವಧಿ ಅಚ್ಚಾಗಿರುವ ತುದಿ ಕೊನೆಯವರೆಗೂ ಉಳಿಯುವಂತೆ ಕತ್ತರಿಸಬೇಕು. ಉಳಿದುಹೋದ ಆ್ಯಂಟಿಬಯಾಟಿಕ್ ಅನ್ನು ಮುಂದಿನ ಜ್ವರಕ್ಕೆಂದು ಕಾಪಿಡಲೇಬಾರದು.

ಕಾಗದಗಳಲ್ಲಿ ಮನೆಯ ಕ್ರಯಪತ್ರ, ಖಾತೆ, ಕಂದಾಯ ರಸೀದಿ, ವಿಮೆ ಪಾಲಿಸಿ, ಆಸ್ಪತ್ರೆಯ ವರದಿ ಒಂದೊಂದಕ್ಕೂ ಬೇರೆ ಫೈಲು. ಮೂಲ ಕ್ರಯಪತ್ರಕ್ಕೆ ಬದಲಿ ಇಲ್ಲ, ಅದು ಭದ್ರವಾಗಿರಬೇಕು. ಆದರೆ ಊರ ಜಮೀನಿನ ಹಳೆಯ ಪಹಣಿ ಪ್ರತಿಗಳ ಕಟ್ಟು ಅಷ್ಟು ಬೇಕಿರಲಿಲ್ಲ. ಭೂಮಿ ಯೋಜನೆಯಿಂದಾಗಿ ಬೇಕೆಂದಾಗ ಹೊಸ ಪ್ರತಿ ಸಿಗುತ್ತದೆ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಡಿಎಲ್, ಆರ್‌ಸಿ ಇರುವುದರಿಂದ ಅವುಗಳ ಜೆರಾಕ್ಸ್ ರಾಶಿಯೂ ಕರಗಿತು. ಫೈಲುಗಳ ಪಟ್ಟಿಯೊಂದನ್ನು ಬರೆದು ಯಜಮಾನರಿಗೂ ಮಗಳಿಗೂ ಓದಿಸಿದೆ. ನಮ್ಮ ಬಂಧುಗಳ ಮನೆಯೊಂದರಲ್ಲಿ ಸಾವಿನ ದುಃಖದ ನಡುವೆಯೇ ಪಾಲಿಸಿ ಬಾಂಡಿಗಾಗಿ ಟ್ರಂಕುಗಳನ್ನೆಲ್ಲ ತಡಕಾಡುವುದನ್ನು ಕಂಡಿದ್ದೇನೆ. ಅಂಥ ದಿನ ಯಾರ ಮನೆಗೂ ಬರಬಾರದು.

ಇನ್ನು ಉಳಿದ ಹಾಲ್‌ನ ಕೆಲಸ ಬೇಗ ಮುಗಿಯಿತು. ಬಾಗಿಲ ಬಳಿ ಕೀಲಿಗೊಂದು ಗೂಟ, ಬಿಲ್ಲಿಗೊಂದು ಬುಟ್ಟಿ, ಚಾರ್ಜರ್‌ಗೊಂದು ಡಬ್ಬಿ ಇಟ್ಟರೆ ಡೈನಿಂಗ್ ಟೇಬಲ್ ಊಟಕ್ಕೆ ಬಿಡುವಾಗಿರುತ್ತದೆ. ಕೆಟ್ಟ ಫೋನು, ವೈರು, ರಿಮೋಟುಗಳನ್ನು ಕಸದ ಗಾಡಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಅವುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನೋಂದಾಯಿತ ಮರುಬಳಕೆದಾರರಿಗೇ ಅವು ಸೇರಬೇಕು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಮೇಲೆ ಬರೆದು ಕೊಡಿ. ನಾವು ಕಸದ ಗಾಡಿಗೆ ಹಾಕಿದ ಪ್ರತಿಯೊಂದೂ ಪೌರಕಾರ್ಮಿಕರ ಕೈಗೆ ಹೋಗುತ್ತದೆ. ನಮ್ಮ ಓರಣಕ್ಕೆ ಅವರ ಬೆರಳು ಕೊಯ್ಯಬಾರದು.

ಈಗ ಒಂದೊಂದು ಅರೆಗೂ ಒಬ್ಬೊಬ್ಬರು ಹೊಣೆ. ಮಗ ಚಪ್ಪಲಿ ಗೂಡನ್ನೂ ಶಾಲೆಯ ಚೀಲವನ್ನೂ ನೋಡಿಕೊಳ್ಳುತ್ತಾನೆ, ಮಗಳು ಔಷಧಿ ಪೆಟ್ಟಿಗೆಯ ಅವಧಿ ನೋಡುತ್ತಾಳೆ, ಯಜಮಾನರು ದಿನಸಿಯ ಪಟ್ಟಿ ಬರೆಯುತ್ತಾರೆ. ಯಾರಿಗೂ ನಾನು ಇದನ್ನು ಸಹಾಯವೆಂದು ಹೇಳಿಕೊಟ್ಟಿಲ್ಲ. ಮನೆಯಲ್ಲಿ ಉಣ್ಣುವವರೆಲ್ಲರಿಗೂ ಉಪ್ಪಿನ ಡಬ್ಬಿಯ ಜಾಗ ಗೊತ್ತಿರುವುದು ನ್ಯಾಯ. ನೀವೂ ಶುರುಮಾಡುವುದಾದರೆ ದೊಡ್ಡ ಅಟ್ಟಕ್ಕೆ ಏಣಿ ಹಾಕಬೇಡಿ. ಮನೆಮಂದಿ ನಿಮ್ಮನ್ನು ಅತಿ ಹೆಚ್ಚು ಸಲ ಕೇಳುವ ವಸ್ತು ಯಾವುದೆಂದು ಒಂದು ವಾರ ಗಮನಿಸಿ, ಅದು ಇರುವ ಅರೆಯಿಂದ ಆರಂಭಿಸಿ. ಜಾಗ ಗೊತ್ತುಮಾಡುವಾಗ ಅದನ್ನು ಬಳಸುವವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಾವೇ ಗೊತ್ತುಮಾಡಿದ ಜಾಗವನ್ನು ಯಾರೂ ಮರೆಯುವುದಿಲ್ಲ.