ಹಿತ್ತಿಲಿಗೆ ಬಂದ ಜೇನುಪೆಟ್ಟಿಗೆ

ಮಕ್ಕಳೇ, ಸುಳ್ಯ, ಪುತ್ತೂರು, ಶಿರಸಿ, ಮಡಿಕೇರಿ ಕಡೆ ಹೋದಾಗ ಮನೆಗಳ ಹಿತ್ತಿಲಲ್ಲಿ ಅಥವಾ ಅಡಿಕೆ ತೋಟದ ಅಂಚಿನಲ್ಲಿ ಕಂಬದ ಮೇಲೆ ಕೂರಿಸಿದ ಚಿಕ್ಕ ಮರದ ಪೆಟ್ಟಿಗೆಯನ್ನು ನೋಡಿದ್ದೀರಾ? ಅದು ಜೇನುಪೆಟ್ಟಿಗೆ. "ನೀವು ಜೇನು ಸಾಕುತ್ತೀರಾ?" ಎಂದು ಮನೆಯವರನ್ನು ಕೇಳಿ. ಕೆಲವರು ಹೌದೆನ್ನುತ್ತಾರೆ. ಇನ್ನು ಕೆಲವರು, "ಇಲ್ಲಪ್ಪ, ಜಾಗ ಮಾತ್ರ ನಮ್ಮದು. ಪೆಟ್ಟಿಗೆ ಜೇನಿನವರದ್ದು. ಅವರೇ ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ" ಎನ್ನುತ್ತಾರೆ. ಈ ಎರಡನೆಯ ಬಗೆಯ ಪೆಟ್ಟಿಗೆಯ ಬಗ್ಗೆ ಈಗ ತಿಳಿದುಕೊಳ್ಳೋಣ.

ಜೇನು ಕೃಷಿಕರು ತಮ್ಮ ಪೆಟ್ಟಿಗೆಗಳನ್ನೆಲ್ಲ ತಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಲ್ಲ? ಇಲ್ಲ. ಮಕರಂದ ಮತ್ತು ಪರಾಗವನ್ನು ಹುಡುಕಲು ನಮ್ಮ ತುಡುವೆ ಜೇನುನೊಣ ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಒಳಗೇ ಹಾರಾಡುತ್ತದೆ. ಅಷ್ಟು ಜಾಗದ ಹೂವುಗಳು ಸಾಕಬಲ್ಲ ಕುಟುಂಬಗಳಿಗೆ ಒಂದು ಮಿತಿಯಿದೆ. ಐವತ್ತು ಹಸುಗಳನ್ನು ಒಂದೇ ಗದ್ದೆಯಲ್ಲಿ ಮೇಯಲು ಬಿಟ್ಟಂತೆ ಆಗಬಾರದು. ಆದ್ದರಿಂದ ಅವರು ನಾಲ್ಕು ಪೆಟ್ಟಿಗೆ ಇಲ್ಲಿ, ಐದು ಅಲ್ಲಿ ಎಂದು ಬೇರೆಯವರ ತೋಟಗಳಲ್ಲಿ ಇಡುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ರಬ್ಬರ್ ಮರ ಚಿಗುರುವಾಗ ಕೆಲವರು ಪೆಟ್ಟಿಗೆಗಳನ್ನು ರಬ್ಬರ್ ತೋಟಕ್ಕೆ ಸಾಗಿಸುತ್ತಾರೆ. ರಬ್ಬರಿನ ಮಕರಂದ ಸಿಗುವುದು ಹೂವಿನಲ್ಲಲ್ಲ, ಎಳೆಯ ಎಲೆಯ ತೊಟ್ಟಿನಲ್ಲಿ! ಮೂರು ಕಿರು ಎಲೆಗಳು ಕೂಡುವ ಜಾಗದಲ್ಲಿರುವ ಗ್ರಂಥಿಗಳಿಂದ ಸಿಹಿ ರಸ ಒಸರುತ್ತದೆ.

ಜಾಗ ಕೊಟ್ಟವರಿಗೆ ಕೆಲವು ಕಡೆ ಜೇನುತುಪ್ಪದಲ್ಲಿ ಪಾಲು ಸಿಗುತ್ತದೆ. ತೋಟದಲ್ಲಿ ಪರಾಗಸ್ಪರ್ಶ ಚೆನ್ನಾಗಿ ಆಗುವುದು ಎಲ್ಲರಿಗೂ ಸಿಗುವ ಲಾಭ.

ಯಾವ ಜೇನು, ಎಂಥ ಪೆಟ್ಟಿಗೆ?

ಹೆಜ್ಜೇನು, ಕೋಲುಜೇನುಗಳು ಬಯಲಿನಲ್ಲಿ ಒಂದೇ ಒಂದು ಎರಿ ಕಟ್ಟುತ್ತವೆ. ಅವನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ತುಡುವೆ ಜೇನು ಮರದ ಪೊಟರೆ, ಹುತ್ತದಂಥ ಕತ್ತಲೆಯ ಜಾಗದಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಕಟ್ಟುತ್ತದೆ. ಪೆಟ್ಟಿಗೆ ಅದಕ್ಕೆ ಇನ್ನೊಂದು ಪೊಟರೆ, ಅಷ್ಟೇ.

ಎರಿಗಳ ನಡುವೆ ನೊಣಗಳು ಓಡಾಡಲು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಅಂತರವನ್ನು ಬಿಡುತ್ತವೆ. ಜಾಗ ಹೆಚ್ಚಾದರೆ ಅಲ್ಲಿಯೂ ಎರಿ ಕಟ್ಟಿಬಿಡುತ್ತವೆ; ಕಡಿಮೆಯಾದರೆ ನುಸುಳಲಾರವು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬವರು 1851ರಲ್ಲಿ ಈ ಅಂತರವನ್ನು ಗಮನಿಸಿ, ಎರಿಯನ್ನು ಮುರಿಯದೆ ಹೊರತೆಗೆದು ಮತ್ತೆ ಒಳಗಿಡಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ಮಾಡಿದರು. ನಮ್ಮ ತುಡುವೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಮಿಳುನಾಡಿನಲ್ಲಿದ್ದ ನ್ಯೂಟನ್ ಎಂಬ ಪಾದ್ರಿ ರೂಪಿಸಿದರು. ಸೇಬಿನ ನ್ಯೂಟನ್ ಅಲ್ಲ, ಇವರು ಬೇರೆ! ಇದರಲ್ಲಿ ಕೆಳಗೆ ಸಂಸಾರ ಕೋಣೆ, ಮೇಲೆ ಜೇನುಕೋಣೆ. ರಾಣಿ ಮೊಟ್ಟೆಯಿಡುವುದು, ಮರಿಗಳು ಬೆಳೆಯುವುದು ಕೆಳಗೆ. ಮಿಕ್ಕಿದ ಜೇನನ್ನು ನೊಣಗಳು ಮೇಲೆ ತುಂಬಿಸುತ್ತವೆ.

ವಾರಕ್ಕೊಮ್ಮೆ ಏನು ನೋಡುತ್ತಾರೆ?

ಜೇನು ಕೃಷಿಕರು ಬಂದೊಡನೆ ಪೆಟ್ಟಿಗೆ ತೆರೆಯುವುದಿಲ್ಲ. ಮೊದಲು ಬಾಗಿಲ ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತಾರೆ. ಒಳಬರುವ ನೊಣಗಳ ಹಿಂಗಾಲಿನಲ್ಲಿ ಹಳದಿ, ಕೇಸರಿ ಬಣ್ಣದ ಪರಾಗದ ಉಂಡೆಗಳಿವೆಯೇ? ಇದ್ದರೆ ಒಳಗೆ ಮರಿಗಳಿವೆ ಎಂಬ ಸೂಚನೆ, ಏಕೆಂದರೆ ಪರಾಗ ಮುಖ್ಯವಾಗಿ ಮರಿಗಳ ಆಹಾರ. ಆಮೇಲೆ ಹೊಗೆತಿದಿಯಿಂದ ಸ್ವಲ್ಪ ಹೊಗೆ ಬಿಟ್ಟು, ಮುಚ್ಚಳ ತೆಗೆದು, ಒಂದೊಂದೇ ಚೌಕಟ್ಟನ್ನು ಬೆಳಕಿಗೆ ಹಿಡಿಯುತ್ತಾರೆ.

ಸಾವಿರಾರು ನೊಣಗಳ ನಡುವೆ ರಾಣಿಯನ್ನು ಹುಡುಕುತ್ತಾರೆ ಎಂದುಕೊಂಡಿರಾ? ಅದರ ಅಗತ್ಯವೇ ಇಲ್ಲ. ಅವರು ಹುಡುಕುವುದು ಮೊಟ್ಟೆಯನ್ನು. ಷಟ್ಕೋನದ ಕಣದ ತಳದಲ್ಲಿ ಬಿಳಿ ದಾರದ ಚೂರಿನಂತೆ ನಿಂತಿರುವ ಮೊಟ್ಟೆ 3 ದಿನಗಳಲ್ಲಿ ಒಡೆದು ಮರಿಹುಳು ಹೊರಬರುತ್ತದೆ. ಹಾಗಾದರೆ ಇಂದು ಮೊಟ್ಟೆ ಕಂಡರೆ ಏನರ್ಥ? ಕಳೆದ 3 ದಿನಗಳೊಳಗೆ ರಾಣಿ ಅಲ್ಲಿದ್ದಳು ಎಂದರ್ಥ. ಒಂದು ಕಣದಲ್ಲಿ ಒಂದೇ ಮೊಟ್ಟೆ ಇರಬೇಕು. ಎರಡು ಮೂರು ಮೊಟ್ಟೆಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದರೆ ಅದು ಕೆಟ್ಟ ಸುದ್ದಿ. ರಾಣಿಯಿಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆಯಿಡುತ್ತಿವೆ. ಆ ಮೊಟ್ಟೆಗಳು ಫಲಿತವಾಗಿರುವುದಿಲ್ಲ. ಅವುಗಳಿಂದ ಗಂಡು ನೊಣಗಳು ಮಾತ್ರ ಹುಟ್ಟುತ್ತವೆ. ಗಂಡು ನೊಣಗಳು ಮಕರಂದ ತರುವುದಿಲ್ಲ, ಮರಿ ಸಾಕುವುದಿಲ್ಲ.

ಮಳೆ ಕಳೆದು ಹೂವು ಹೆಚ್ಚಿದಾಗ ಎರಿಯ ಕೆಳ ಅಂಚಿನಲ್ಲಿ ನೆಲಗಡಲೆಯಂತೆ ಜೋತುಬಿದ್ದ ಕಣಗಳು ಕಾಣಬಹುದು. ಅವು ರಾಣಿಕಣಗಳು. ಕುಟುಂಬ ಪಾಲಾಗಲು ಸಿದ್ಧವಾಗಿದೆ ಎಂದು ಅವು ಹೇಳುತ್ತವೆ. ಹಳೆಯ ರಾಣಿ ಅರ್ಧದಷ್ಟು ನೊಣಗಳೊಂದಿಗೆ ಹೊರಟುಹೋಗುತ್ತಾಳೆ. ಉಳಿದವುಗಳಿಗೆ ಹೊಸ ರಾಣಿ ಹುಟ್ಟುತ್ತಾಳೆ.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಮೊಟ್ಟೆಯಿಂದ ರಾಣಿಯಾಗಲು ಸುಮಾರು 16 ದಿನ ಬೇಕು. ಹಳೆಯ ರಾಣಿ ಹೊರಡುವುದು ಇದರ ಅರ್ಧ ದಾರಿಯಲ್ಲಿ. ಅಂದರೆ ಹೊಸ ರಾಣಿ ಹೊರಬರುವಾಗ ಪೆಟ್ಟಿಗೆಯಲ್ಲಿ ಹೊಸ ಮೊಟ್ಟೆಯೂ ಇಲ್ಲ, ತೀರಾ ಎಳೆಯ ಮರಿಹುಳುವೂ ಇಲ್ಲ. ಕೆಲವು ದಿನಗಳ ನಂತರ ಈ ರಾಣಿ ಗಂಡು ನೊಣಗಳೊಂದಿಗೆ ಕೂಡಲು ಆಕಾಶಕ್ಕೆ ಹಾರುತ್ತಾಳೆ. ಆಗ ಒಂದು ಕಳ್ಳಿಪೀರ ಹಕ್ಕಿ ಅವಳನ್ನು ಹಿಡಿದು ತಿಂದುಬಿಟ್ಟರೆ? ಬೇರೆ ರಾಣಿ ಮಾಡಿಕೊಳ್ಳೋಣವೆಂದರೆ ಎಳೆಯ ಮರಿಹುಳುಗಳಿಲ್ಲ. ದುಡಿಯುವ ಕಾಲದಲ್ಲಿ ಕೆಲಸಗಾರ ನೊಣದ ಆಯಸ್ಸು ಸುಮಾರು 6 ವಾರ ಮಾತ್ರ. ಇರುವ ನೊಣಗಳು ಒಂದೊಂದಾಗಿ ಸಾಯುತ್ತವೆ, ಹೊಸವು ಹುಟ್ಟುವುದಿಲ್ಲ.

ಹೊರಗಿನಿಂದ ನೋಡಿದರೆ ಪೆಟ್ಟಿಗೆ ಇನ್ನೂ ಹಲವು ದಿನ ಚೆನ್ನಾಗಿಯೇ ಕಾಣುತ್ತದೆ! ನೊಣಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ. ತಿಳಿದವರು ಚೌಕಟ್ಟು ಎತ್ತಿ ನೋಡಿದರಷ್ಟೇ ಗೊತ್ತಾಗುವುದು. ಅವರು ಮಾಡುವ ಉಪಾಯ ಸರಳವಾದದ್ದು. ಬೇರೆ ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆಯ ಮರಿಹುಳುಗಳಿರುವ ಒಂದು ಚೌಕಟ್ಟನ್ನು ತಂದು ಇದರೊಳಗೆ ಇಡುತ್ತಾರೆ. ಕೆಲಸಗಾರ ನೊಣಗಳು ಅವುಗಳಿಂದ ಕೆಲವನ್ನು ಆರಿಸಿ ರಾಣಿಗೆ ಕೊಡುವ ವಿಶೇಷ ಆಹಾರವನ್ನು ಉಣಿಸಿ ರಾಣಿಯಾಗಿ ಬೆಳೆಸುತ್ತವೆ. ಒಂದೇ ಪೆಟ್ಟಿಗೆಯಿದ್ದವರು ಚೌಕಟ್ಟನ್ನು ಎಲ್ಲಿಂದ ತರಬೇಕು? ಹಲವು ಪೆಟ್ಟಿಗೆಗಳ ಒಡೆಯರು ಬಂದು ನೋಡುವುದರ ಪ್ರಯೋಜನ ಇದು. ಉತ್ಸಾಹದಿಂದ ಪೆಟ್ಟಿಗೆ ತಂದಿಟ್ಟು, ಆಮೇಲೆ ನೋಡುವವರಿಲ್ಲದೆ, ಕೊನೆಗೆ ಅದರಲ್ಲಿ ಕೋಳಿ ಮೊಟ್ಟೆಯಿಡುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ.

ರೋಗದ ಭಯ

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು ತುಡುವೆ ಕುಟುಂಬಗಳ ಬಹುಪಾಲನ್ನು ಕೊಂದಿತು. ನಿಮ್ಮ ಊರಿನ ಹಿರಿಯ ಜೇನು ಕೃಷಿಕರನ್ನು ಕೇಳಿ, ಆ ವರ್ಷಗಳನ್ನು ಅವರು ಮರೆತಿರಲಾರರು. ಈ ರೋಗ ತಗುಲಿದ ಮರಿಹುಳು ನೀರು ತುಂಬಿದ ಚೀಲದಂತಾಗಿ ಕಣದೊಳಗೇ ಸಾಯುತ್ತದೆ. ಇದನ್ನು ಗುಣಪಡಿಸುವ ಔಷಧವಿಲ್ಲ. ಉಳಿದುಕೊಂಡ ಗಟ್ಟಿ ಕುಟುಂಬಗಳಿಂದಲೇ ಮುಂದೆ ಪೆಟ್ಟಿಗೆಗಳನ್ನು ಹೆಚ್ಚಿಸಬೇಕಾಯಿತು.

ಮನೆ ಮನೆಗೆ ಹೋಗುವ ಜೇನು ಕೃಷಿಕರ ಮೇಲೆ ಇದರಿಂದ ಒಂದು ಹೊಣೆಯೂ ಬೀಳುತ್ತದೆ. ರೋಗವಿರುವ ಪೆಟ್ಟಿಗೆಯ ಚೌಕಟ್ಟನ್ನು ಬೇರೆಡೆಗೆ ಒಯ್ಯಬಾರದು. ಕೈ ಮತ್ತು ಸಲಕರಣೆಗಳನ್ನು ತೊಳೆದೇ ಮುಂದಿನ ತೋಟಕ್ಕೆ ಹೋಗಬೇಕು. ಹಾಗೆ ಮಾಡದಿದ್ದರೆ ಸಹಾಯಕ್ಕೆ ಬಂದವರೇ ರೋಗ ಹರಡಿದಂತಾಗುತ್ತದೆ.

ಮನೆಯವರು ಮಾಡಬೇಕಾದದ್ದು

ವಾರದಲ್ಲಿ ಒಂದು ದಿನ ಅವರು ಬರುತ್ತಾರೆ, ಸರಿ. ಉಳಿದ 6 ದಿನ? ಆಗ ಮನೆಯವರೇ ಕಾವಲು. ಪೆಟ್ಟಿಗೆಯ ಕಾಲುಗಳ ಕೆಳಗಿರುವ ನೀರಿನ ಬಟ್ಟಲು ಒಣಗಿದರೆ ಒಂದೇ ರಾತ್ರಿಯಲ್ಲಿ ಇರುವೆಗಳು ಹತ್ತಿಕೊಳ್ಳುತ್ತವೆ. ಕಾಟ ಹೆಚ್ಚಾದರೆ ತುಡುವೆ ಜೇನು ಪೆಟ್ಟಿಗೆಯನ್ನೇ ಬಿಟ್ಟು ಹಾರಿಹೋಗುತ್ತದೆ. ಕುಟುಂಬ ದುರ್ಬಲವಾದರೆ ಮೇಣದ ಪತಂಗ ಒಳನುಗ್ಗಿ ಮೊಟ್ಟೆಯಿಡುತ್ತದೆ. ಅದರ ಹುಳುಗಳು ಎರಿಯನ್ನು ಕೊರೆದು ಬಲೆ ನೇಯ್ದುಬಿಡುತ್ತವೆ. ಮಳೆಗಾಲದಲ್ಲಿ ಹೂವೂ ಕಡಿಮೆ, ಹಾರಾಟವೂ ಕಷ್ಟ. ಆಗ ಸಕ್ಕರೆ ಪಾಕವನ್ನು ತೆಂಗಿನ ಗೆರಟೆಯಲ್ಲಿ ಒಳಗಿಟ್ಟು, ನೊಣಗಳು ಮುಳುಗದಂತೆ ಅದರಲ್ಲಿ ಕಡ್ಡಿಗಳನ್ನು ಹಾಕುತ್ತಾರೆ.

ಹೂಬಿಟ್ಟ ತರಕಾರಿ ಗಿಡಗಳಿಗೆ ಹಗಲು ಹೊತ್ತಿನಲ್ಲಿ ಕೀಟನಾಶಕ ಹೊಡೆಯಬಾರದು. ಹೊಡೆಯಲೇಬೇಕಾದರೆ ಜೇನು ಕೃಷಿಕರಿಗೆ ಮುಂಚಿತವಾಗಿ ತಿಳಿಸಬೇಕು. ನಮ್ಮ ಹಿತ್ತಿಲಿನ ಜೇನು ಪಕ್ಕದ ಮನೆಯ ಹೂವಿಗೂ ಹೋಗುತ್ತದೆ ತಾನೆ? ಆದ್ದರಿಂದ ನೆರೆಯವರಿಗೂ ಹೇಳಿ, ಅವರ ಒಪ್ಪಿಗೆ ಪಡೆದೇ ಪೆಟ್ಟಿಗೆ ಇಡುವುದು ಒಳ್ಳೆಯದು.

ಇನ್ನೊಂದು ವಿಷಯ. ಪೆಟ್ಟಿಗೆ ದಾರಿಗೆ ಅಡ್ಡವೆಂದು ಹಗಲಿನಲ್ಲಿ ಹತ್ತು ಮೀಟರ್ ಆಚೆಗೆ ಸರಿಸಿದರೆ ಏನಾಗುತ್ತದೆ? ಹೊರಗೆ ಹೋದ ನೊಣಗಳು ಹಳೆಯ ಜಾಗಕ್ಕೇ ಬಂದು ಗಾಳಿಯಲ್ಲಿ ಸುತ್ತುತ್ತವೆ! ಎಳೆಯ ನೊಣಗಳು ಮೊದಲ ಸಲ ಹಾರುವಾಗ ಪೆಟ್ಟಿಗೆಯ ಕಡೆ ಮುಖಮಾಡಿ ಹಾರಾಡುತ್ತಾ ಜಾಗದ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ. ಅದಕ್ಕೇ ಜೇನಿನವರು ಪೆಟ್ಟಿಗೆಯನ್ನು ದೂರ ಸಾಗಿಸುವುದು ರಾತ್ರಿ, ಎಲ್ಲ ನೊಣಗಳೂ ಒಳಸೇರಿದ ಮೇಲೆ.

ಕಚ್ಚಿದರೆ?

ಜೇನುನೊಣ ಕಚ್ಚುವುದಿಲ್ಲ, ಮುಳ್ಳಿನಿಂದ ಚುಚ್ಚುತ್ತದೆ. ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆಯ ರಾಸಾಯನಿಕ ಹೊರಡುತ್ತದೆ. ಉಳಿದ ನೊಣಗಳಿಗೆ ಅದು ಅಪಾಯದ ಕರೆ. ಹೊಗೆ ಈ ವಾಸನೆಯನ್ನು ಮರೆಮಾಡುವುದರಿಂದಲೇ ನೊಣಗಳು ಶಾಂತವಾಗುತ್ತವೆ. ಚುಚ್ಚಿದಾಗ ಕೈ ಬೀಸದೆ ಮೆಲ್ಲನೆ ದೂರ ಸರಿಯಿರಿ. ಮುಳ್ಳನ್ನು ಉಗುರಿನಿಂದ ಕೂಡಲೇ ಗೀರಿ ತೆಗೆಯಿರಿ, ತಣ್ಣೀರು ಹಚ್ಚಿ. ಆದರೆ ಮೈತುಂಬ ದದ್ದು ಎದ್ದರೆ, ಮುಖ ಅಥವಾ ಗಂಟಲು ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗಾಗಿದ್ದರೆ ಆ ಮನೆಗೆ ಪೆಟ್ಟಿಗೆ ಬೇಡ.

ಜೇನು ತೆಗೆಯುವುದು

ಮಕರಂದ ನೀರು ನೀರಾಗಿರುತ್ತದೆ. ನೊಣಗಳು ರೆಕ್ಕೆ ಬೀಸಿ ಅದರ ನೀರಿನಂಶವನ್ನು ಆರಿಸುತ್ತವೆ. ಹದಕ್ಕೆ ಬಂದಾಗ ಕಣದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಹೆಚ್ಚಿನ ಕಣಗಳು ಮುಚ್ಚಿದ ಮೇಲೆಯೇ ಮೇಲಿನ ಕೋಣೆಯ ಚೌಕಟ್ಟುಗಳನ್ನು ತೆಗೆಯಬೇಕು. ಅವಸರ ಮಾಡಿದರೆ ಜೇನು ಹುಳಿಯಾಗುತ್ತದೆ. ಮುಚ್ಚಳವನ್ನು ಚಾಕುವಿನಿಂದ ಸವರಿ, ಚೌಕಟ್ಟನ್ನು ಯಂತ್ರದಲ್ಲಿಟ್ಟು ತಿರುಗಿಸುತ್ತಾರೆ. ಒದ್ದೆ ಕೊಡೆಯನ್ನು ತಿರುಗಿಸಿದಾಗ ನೀರು ಸಿಡಿಯುವಂತೆ ಜೇನು ಸಿಡಿದು ಪಾತ್ರೆಗೆ ಬೀಳುತ್ತದೆ. ಖಾಲಿಯಾದ ಎರಿ ಮತ್ತೆ ಪೆಟ್ಟಿಗೆಗೆ. ಕೆಳಗಿನ ಕೋಣೆಯ ಜೇನನ್ನು ಮುಟ್ಟುವುದಿಲ್ಲ, ಅದು ಮರಿಗಳ ಪಾಲು. ಅಂದ ಹಾಗೆ, ಮನೆಯಲ್ಲಿ ಒಂದು ವರ್ಷ ತುಂಬದ ಮಗುವಿದ್ದರೆ ಅದಕ್ಕೆ ಜೇನು ನೆಕ್ಕಿಸಬೇಡಿ ಎಂದು ಅಜ್ಜಿಗೆ ಹೇಳಿ. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಮಗುವಿಗೆ ಅಪಾಯಕಾರಿ.

ಮಾಡಿ ನೋಡಿ

ಹಿತ್ತಿಲಿನ ಕುಂಬಳ ಬಳ್ಳಿಯಲ್ಲಿ ಮರುದಿನ ಅರಳಲಿರುವ ಎರಡು ಹೆಣ್ಣು ಹೂವುಗಳನ್ನು ಸಂಜೆ ಗುರುತಿಸಿ. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು ಹೂವು. ಒಂದಕ್ಕೆ ತೆಳು ಬಟ್ಟೆಯ ಚೀಲ ಕಟ್ಟಿ, ಇನ್ನೊಂದನ್ನು ಹಾಗೆಯೇ ಬಿಡಿ. ಅರಳಿದ ಹೂವು ಬಾಡಿದ ಮೇಲೆ ಚೀಲ ಬಿಚ್ಚಿ. ಒಂದು ವಾರದವರೆಗೆ ಎರಡೂ ಕಾಯಿಗಳ ಸುತ್ತಳತೆಯನ್ನು ದಿನವೂ ದಾರದಿಂದ ಅಳೆದು ಬರೆದಿಡಿ. ಯಾವುದು ಬೆಳೆಯಿತು? ಯಾವುದು ಹಳದಿಯಾಗಿ ಉದುರಿತು?

ಹತ್ತಿರದಲ್ಲಿ ಜೇನುಪೆಟ್ಟಿಗೆ ಇದ್ದರೆ, ದೊಡ್ಡವರ ಜೊತೆಯಲ್ಲಿ, ಬಾಗಿಲ ಎದುರಿಗಲ್ಲದೆ ಪಕ್ಕಕ್ಕೆ ಮೂರು ಮೀಟರ್ ದೂರ ನಿಂತು, 5 ನಿಮಿಷದಲ್ಲಿ ಪರಾಗ ಹೊತ್ತು ತಂದ ನೊಣಗಳನ್ನು ಎಣಿಸಿ. ಬೆಳಿಗ್ಗೆ 8ಕ್ಕೆ ಒಮ್ಮೆ, ಮಧ್ಯಾಹ್ನ 12ಕ್ಕೆ ಒಮ್ಮೆ, ಸಂಜೆ 4ಕ್ಕೆ ಒಮ್ಮೆ ಎಣಿಸಿ ಪಟ್ಟಿ ಮಾಡಿ. ಜೇನಿನವರು ಮುಂದಿನ ಸಲ ಬಂದಾಗ ಆ ಪಟ್ಟಿಯನ್ನು ಅವರಿಗೆ ತೋರಿಸಿ. ಅವರು ಇಲ್ಲದ 6 ದಿನಗಳ ಸುದ್ದಿ ಅದರಲ್ಲಿರುತ್ತದೆ.